ವೇಷ ಕಳಚಿದ್ರೆ ಊಟನಾ, ಒದೆನಾ: ಸ್ಪ್ಯಾನಿಶ್ ಕತೆ-ಕಾದಂಬರಿ ಓದೋಕೆ ಒಂದು ದಾರಿ

ಮಾರುವೇಷ ಇರೋ ಕತೆ ಕೈಗೆ ಸಿಕ್ಕಿದ ತಕ್ಷಣ ನಾವು ಮಾಡೋದು ಒಂದೇ ಕೆಲಸ, ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಹುಡುಕ್ತಾ ಹೋಗೋದು. ವಿರಾಟಪರ್ವ ಕೇಳ್ಕೊಂಡು ಬೆಳೆದ ಅಭ್ಯಾಸ ಇರ್ಬೇಕು, ಬೃಹನ್ನಳೆ ಅಂದ್ರೆ ಅರ್ಜುನ ಅಂತ ನಮಗೆ ಮೊದಲೇ ಗೊತ್ತಿರುತ್ತೆ, ಅವನು ಯಾವಾಗ ಗಾಂಡೀವ ಹಿಡೀತಾನೆ ಅಂತ ಕಾಯ್ತಾ ಕೂತಿರ್ತೀವಿ ಅಷ್ಟೇ. ಅದೇ ಕಣ್ಣಲ್ಲಿ ಚಿಲಿದೋ ಅರ್ಜೆಂಟೀನಾದ್ದೋ ಕಾದಂಬರಿ ತೆಗೆದ್ರೆ ಅರ್ಧ ಪುಸ್ತಕ ಕೈಜಾರಿ ಹೋಗುತ್ತೆ. ನನಗೆ ಹಂಗೇ ಆಗಿದ್ದು, ಚಿಲಿಯ ಲೇಖಕ ಹೊಸೆ ದೊನೊಸೊನ ಪುಸ್ತಕ ಮೊದಲನೇ ಸಲ ಓದಿ ಮುಗಿಸಿ "ಇದ್ರಲ್ಲಿ ಗುಟ್ಟೇ ಇಲ್ವಲ್ಲ, ಊರಿಗೆಲ್ಲ ಗೊತ್ತಿರೋದೇ" ಅಂತ ಪಕ್ಕಕ್ಕಿಟ್ಟಿದ್ದೆ, ಎರಡು ವರ್ಷ ಬಿಟ್ಟು ಮತ್ತೆ ತೆಗೆದಾಗ ನನ್ನ ಪ್ರಶ್ನೆನೇ ತಪ್ಪಿತ್ತು ಅಂತ ಗೊತ್ತಾಯ್ತು. ಅವತ್ತಿಂದ ನಾನು ಇಟ್ಕೊಂಡಿರೋ ಪ್ರಶ್ನೆ ಇದು: ವೇಷ ಕಳಚಿದ ಮೇಲೆ ಈ ಮನುಷ್ಯನಿಗೆ ಮನೇಲಿ ಊಟ ಸಿಗುತ್ತಾ, ಇಲ್ಲ ಬೀದೀಲಿ ಒದೆ ಬೀಳುತ್ತಾ? ಇದೊಂದನ್ನ ಕೈಯಲ್ಲಿ ಹಿಡ್ಕೊಂಡು ಹೊರಟ್ರೆ ವೇಷದ ಕತೆ ಎಲ್ಲಿ ನ್ಯಾಯದ ಕತೆ ಆಗುತ್ತೆ ಅಂತ ತಾನಾಗೇ ಕಾಣ್ಸುತ್ತೆ.

ಶುರು ಮಾಡೋಕೆ ಮುಂಚೆ

ಸ್ಪ್ಯಾನಿಶ್ ಬರಲೇಬೇಕು ಅಂತೇನಿಲ್ಲ. ನಾನು ಬಹುಪಾಲು ಓದಿದ್ದು ಇಂಗ್ಲಿಷ್ ಅನುವಾದದಲ್ಲೇ, ಆಮೇಲೆ ಫೋನಲ್ಲಿ ಆ್ಯಪ್ ಹಾಕ್ಕೊಂಡು ಅಷ್ಟಿಷ್ಟು ಕಲಿತು ಮೂಲದ ಕೆಲವು ಪುಟಗಳನ್ನ ಪಕ್ಕದಲ್ಲಿಟ್ಕೊಂಡು ತಡಕಾಡಿದೀನಿ. ಒಂದು ನೋಟ್‌ಬುಕ್ ಮಾತ್ರ ಬೇಕೇ ಬೇಕು. ಕತೇಲಿ ಯಾರಾದ್ರೂ ವೇಷ ಹಾಕಿದ ಕೂಡ್ಲೇ ಬರ್ಕೊಳ್ಳಿ, ಆ ಬಟ್ಟೆ ಎಲ್ಲಿಂದ ಬಂತು, ಯಾರ ದುಡ್ಡು, ಗುಟ್ಟು ಯಾರ್ಯಾರಿಗೆ ಗೊತ್ತು, ಕಳಚಿದ್ದು ಅವರೇನಾ ಇಲ್ಲ ಬೇರೆಯವರು ಕಿತ್ತುಹಾಕಿದ್ರಾ. ಬಟ್ಟೆ ಅಂತ ಅಂದ್ನಲ್ಲ, ಬಟ್ಟೇನೇ ಆಗ್ಬೇಕು ಅಂತಿಲ್ಲ, ಹೆಸರು ವೇಷ ಆಗ್ಬಹುದು, ಮೌನ ವೇಷ ಆಗ್ಬಹುದು, ಒಂದು ಕಡೆ ದಿನಸಿ ಚೀಟಿ ಕೂಡ ವೇಷ ಆಗುತ್ತೆ, ಆ ಕತೆ ಮುಂದೆ ಹೇಳ್ತೀನಿ.

1554ರ ಲಾಸರಿಯೊ ಅನ್ನೋ ಹಳೇ ಸ್ಪ್ಯಾನಿಶ್ ಕತೆಯಿಂದಲೇ ಶುರು ಮಾಡಿ ಅಂತ ಕೆಲವರು ಹೇಳ್ತಾರೆ. ಬೇಡ. ಆಮೇಲೆ ಓದ್ಕೊಳ್ಳಿ.

ಮೊದಲು ಒಂದು ಸಣ್ಣ ಕತೆ

ಅರ್ಜೆಂಟೀನಾದ ಲೇಖಕ ಬೋರ್ಹೆಸ್‌ನ "ಎಮ್ಮಾ ಸುನ್ಸ್" ಅರ್ಧ ಗಂಟೇಲಿ ಮುಗಿಯುತ್ತೆ, ಈ ವಿಧಾನದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. 1922ರ ಜನವರಿ, ಬ್ಯೂನಸ್ ಐರಿಸ್. ಬಟ್ಟೆ ಮಿಲ್ಲಲ್ಲಿ ಕೆಲಸ ಮಾಡೋ ಎಮ್ಮಾಗೆ ಬ್ರೆಜಿಲ್‌ನಿಂದ ಪತ್ರ ಬರುತ್ತೆ, ಅಪ್ಪ ತೀರ್ಕೊಂಡ್ರು ಅಂತ. ಅಪ್ಪ ಹಿಂದೆ ದುಡ್ಡು ತಿಂದ ಅನ್ನೋ ಆರೋಪ ಹೊತ್ತು, ಊರು ಬಿಟ್ಟು, ಹೆಸರು ಬದಲಾಯಿಸ್ಕೊಂಡು ಬದುಕಿದ್ದ ಮನುಷ್ಯ. ನಿಜವಾಗ್ಲೂ ದುಡ್ಡು ತಿಂದೋನು ಲೋವೆಂಥಾಲ್, ಆವಾಗ ಮ್ಯಾನೇಜರು, ಈಗ ಅದೇ ಮಿಲ್ಲಿನ ಮಾಲೀಕರಲ್ಲಿ ಒಬ್ಬ. ಮಗಳಿಗೆ ಇದು ಗೊತ್ತು, ಆರು ವರ್ಷದಿಂದ ಬಾಯಿ ಬಿಟ್ಟಿಲ್ಲ.

ಈಗ ನೋಟ್‌ಬುಕ್ ತೆಗೀರಿ. ಎಮ್ಮಾ ಎರಡು ವೇಷ ಹಾಕ್ತಾಳೆ, ಎಲ್ಲರ ಕಣ್ಣಿಗೂ ಬೀಳೋದು ಒಂದೇ. ಬಂದರಿನ ಬಾರಿಗೆ ಹೋಗಿ ಮೈ ಮಾರೋ ಹೆಂಗಸಿನ ಹಾಗೆ ಒಬ್ಬ ನಾವಿಕನ ಜೊತೆ ಹೋಗ್ತಾಳಲ್ಲ, ಅದು. ಆದ್ರೆ ಅದಕ್ಕೂ ಮುಂಚೆ ಅವಳು ಲೋವೆಂಥಾಲ್‌ಗೆ ಒಂದು ಫೋನ್ ಮಾಡಿರ್ತಾಳೆ. ಮಿಲ್ಲಲ್ಲಿ ಮುಷ್ಕರದ ಸುದ್ದಿ ಓಡಾಡ್ತಿರುತ್ತೆ, ಆ ಬಗ್ಗೆ ಒಂದು ವಿಷಯ ಹೇಳ್ಬೇಕು, ಉಳಿದ ಹುಡುಗೀರಿಗೆ ಗೊತ್ತಾಗ್ಬಾರ್ದು ಅಂತಾಳೆ. ಅಂದ್ರೆ ಚಾಡಿ ಹೇಳೋಳ ವೇಷ! ಬೇರೆ ಯಾವ ಕಾರಣಕ್ಕೆ ಒಬ್ಬ ಕೂಲಿ ಹುಡುಗಿ ಬಂದಿದ್ರೂ ಆ ಮಾಲೀಕ ರಾತ್ರಿ ಹೊತ್ತು ಗೇಟ್ ತೆಗೀತಿದ್ನಾ? ಬೋರ್ಹೆಸ್ ಅಂದ್ರೆ ಕನ್ನಡಿ, ಚಕ್ರವ್ಯೂಹ, ಗ್ರಂಥಾಲಯ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಇಲ್ಲಿ ನೋಡಿದ್ರೆ ಮಾಲೀಕನ ಬಾಗಿಲು ಯಾವ ಬೀಗದ ಕೈಗೆ ತೆಗೆಯುತ್ತೆ ಅಂತ ಅವನಿಗೆ ಕರಾರುವಾಕ್ಕಾಗಿ ಗೊತ್ತು. ಆಮೇಲೆ ಅವಳು ಗುಂಡು ಹಾರಿಸಿ ಫೋನ್ ಎತ್ಕೊಂಡು, ಇವನು ನನ್ನ ಮಾನ ಕಳೆದ, ಅದಕ್ಕೆ ಕೊಂದೆ ಅಂತಾಳೆ, ಎಲ್ಲರೂ ನಂಬ್ತಾರೆ. ನಡೆದದ್ದು ನಿಜ, ಅವಳ ಅಸಹ್ಯ ನಿಜ, ಸಿಟ್ಟು ನಿಜ, ಸುಳ್ಳಾಗಿದ್ದು ಹೊತ್ತು, ಸಂದರ್ಭ, ಒಂದೆರಡು ಹೆಸರು ಅಷ್ಟೇ. ನಿಮ್ಮ ಪುಟದ ಕೊನೇಲಿ ಇದನ್ನ ಬರ್ಕೊಳ್ಳಿ: ಇವಳು ಬಚಾವಾದ್ಲು, ಆದ್ರೆ ಅಪ್ಪನ ನಿಜ ಮಾತನ್ನ ನಂಬದ ಊರು ಮಗಳ ಸುಳ್ಳು ಕತೇನ ನಂಬಿದ್ದರಿಂದ ಬಚಾವಾದ್ಲು.

ಅಳತೆಗೋಲಿಗೆ ಜೋರೊ

ಚಿಲಿಯ ಲೇಖಕಿ ಇಸಾಬೆಲ್ ಅಯೆಂದೆ 2005ರಲ್ಲಿ ಜೋರೊ ಅನ್ನೋ ಮುಖವಾಡದ ವೀರನ ಬಗ್ಗೆ ಒಂದು ಕಾದಂಬರಿ ಬರೆದಿದ್ದಾಳೆ. ಜೋರೊ ಅವಳ ಸೃಷ್ಟಿ ಅಲ್ಲ, 1919ರಲ್ಲಿ ಜಾನ್ಸ್ಟನ್ ಮೆಕ್‌ಕಲಿ ಅನ್ನೋ ಅಮೆರಿಕನ್ ಒಬ್ಬ ಅಗ್ಗದ ಪತ್ರಿಕೆಗೆ ಬರೆದ ಪಾತ್ರ. ಅಯೆಂದೆ ಅವನಿಗೆ ಬಾಲ್ಯ ಕೊಟ್ಟಳು, ಮೂಲನಿವಾಸಿ ಯೋಧೆ ತೊಯ್‌ಪುರ್ನಿಯಾನ ಅವ್ವ ಅಂತ ಕೊಟ್ಟಳು, ಬರ್ನಾರ್ದೊ ಅನ್ನೋ ಹಾಲು ಹಂಚ್ಕೊಂಡು ಬೆಳೆದ ಅಣ್ಣತಮ್ಮನ್ನ ಕೊಟ್ಟಳು, ನೆಪೋಲಿಯನ್ ಕಾಲದ ಬಾರ್ಸಿಲೋನಾಗೆ ಕಳಿಸಿ "ನ್ಯಾಯ" ಅನ್ನೋ ಹೆಸರಿನ ಗುಪ್ತಸಂಘಕ್ಕೂ ಸೇರಿಸಿದ್ಳು. ಮಜವಾಗಿ ಓದಿಸ್ಕೊಂಡು ಹೋಗುತ್ತೆ, ಬೋರ್ ಹೊಡೆಯಲ್ಲ.

ಇದನ್ನ ಯಾಕೆ ಓದಿ ಅಂತಿದೀನಿ ಅಂದ್ರೆ ಹೋಲಿಕೆಗೆ ಒಂದು ಅಳತೆ ಬೇಕಲ್ಲ. ದಿಯೆಗೊ, ಅಂದ್ರೆ ಜೋರೊನೇ, ಕಪ್ಪು ಮುಖವಾಡ ತೆಗೆದಿಟ್ಟರೆ ಜಮೀನ್ದಾರನ ಮಗ, ಮನೇಲಿ ಆಳುಕಾಳು, ಬೆಚ್ಚಗೆ ಊಟ. ಹಗಲಲ್ಲಿ ಅವನು ಹಾಕೋ ಇನ್ನೊಂದು ವೇಷ, ಏನಕ್ಕೂ ಬಾರದ ಷೋಕಿಲಾಲ ಅನ್ನೋದು, ಅದೂ ದುಡ್ಡಿದ್ದೋನಿಗೆ ಮಾತ್ರ ಒಪ್ಪೋ ವೇಷ, ಬಡವ ಹಂಗೆ ಆಡಿದ್ರೆ ಸೋಮಾರಿ ಅಂತ ಬೆನ್ನಿಗೆ ಬಾರಿಸ್ತಾರೆ. ಪಕ್ಕದಲ್ಲೇ ಬರ್ನಾರ್ದೊನ ನೋಡಿ. ಅವನ ಅವ್ವನ್ನ ಕಡಲ್ಗಳ್ಳರು ಕೊಂದ ಮೇಲೆ ಅವನು ಮಾತು ಬಿಟ್ಟಿರ್ತಾನೆ, ಜನ ಇವನು ಮೂಗ, ಪೆದ್ದ ಅಂದ್ಕೊಂಡು ಎದುರಿಗೇ ಎಲ್ಲ ಮಾತಾಡ್ತಾರೆ. ಒಬ್ಬನ ವೇಷಕ್ಕೆ ರೇಷ್ಮೆ ಬೇಕು, ಕತ್ತಿ ಬೇಕು, ಕುದುರೆ ಬೇಕು, ಇನ್ನೊಬ್ಬನ ವೇಷಕ್ಕೆ ಬಾಯಿ ಮುಚ್ಕೊಂಡಿದ್ರೆ ಸಾಕು. ಅಯೆಂದೆ ಬೇಕಂತಲೇ ಹಿಂಗೆ ಇಟ್ಟಿದ್ದಾಳೋ ಏನೋ, ನನಗಂತೂ ಜೋರೊಗಿಂತ ಬರ್ನಾರ್ದೊನೇ ಇಷ್ಟ ಆದ.

ನಿಧಾನ ಮಾಡ್ಬೇಕಾದ ಜಾಗ: ಲಾ ಮಾನುಯೆಲಾ

ಈಗ ದೊನೊಸೊನ "ಎಲ್ ಲುಗಾರ್ ಸಿನ್ ಲಿಮಿತೆಸ್". 1966, ಚಿಲಿ. ಹೆಸರಿನ ಅರ್ಥ ಎಲ್ಲೆಗಳಿಲ್ಲದ ಜಾಗ, ನರಕಕ್ಕೆ ಎಲ್ಲೆ ಇಲ್ಲ ಅನ್ನೋ ಇಂಗ್ಲಿಷ್ ನಾಟಕಕಾರ ಮಾರ್ಲೋನ ನಾಟಕದ ಮಾತಿಂದ ಬಂದದ್ದು. ಪುಸ್ತಕ ಸಣ್ಣದು, ಎರಡು ಸಂಜೆ ಸಾಕು, ಆದ್ರೆ ಎರಡು ಸಲ ಓದಿ.

ಎಲ್ ಒಲಿವೊ ಅನ್ನೋ ಹಳ್ಳಿ, ಸುತ್ತ ದ್ರಾಕ್ಷಿತೋಟ, ಎಲ್ಲ ದೋನ್ ಅಲೆಹೊ ಅನ್ನೋ ಜಮೀನ್ದಾರನದ್ದು. ಕರೆಂಟ್ ಬರುತ್ತೆ ಅಂತ ಅವನು ಭರವಸೆ ಕೊಟ್ಟು ಕೊಟ್ಟು ವರ್ಷಗಟ್ಟಲೆ ಆಗಿದೆ, ಬಂದಿಲ್ಲ. ಅಲ್ಲೊಂದು ವೇಶ್ಯಾಗೃಹ, ಅದರ ಪಾಲುದಾರಳು ಮಾನುಯೆಲಾ, ಹುಟ್ಟಿದ್ದು ಗಂಡಾಗಿ, ಈಗ ವಯಸ್ಸಾಗ್ತಿದೆ, ಹಲ್ಲು ಉದುರ್ತಿದೆ, ಅವಳ ಹತ್ರ ಇರೋ ಒಂದೇ ಆಸ್ತಿ ಅಂದ್ರೆ ಒಂದು ಕೆಂಪು ಸ್ಪ್ಯಾನಿಶ್ ಕುಣಿತದ ಉಡುಪು. ಹೋದ ವರ್ಷ ಪಾಂಚೊ ವೇಗಾ ಅನ್ನೋ ಲಾರಿ ಡ್ರೈವರ್ ಕುಡಿದು ಗಲಾಟೆ ಮಾಡಿ ಅದನ್ನ ಹರಿದು ಹಾಕಿರ್ತಾನೆ. ಅವನು ಮತ್ತೆ ಊರಿಗೆ ಬಂದಿದ್ದಾನೆ ಅನ್ನೋ ಸುದ್ದಿಯಿಂದ ಕಾದಂಬರಿ ಶುರು, ಅವಳು ಭಯದಿಂದ ನಡುಗ್ತಾಳೆ, ಅದೇ ಹೊತ್ತಲ್ಲಿ ಸೂಜಿ ದಾರ ಹುಡುಕ್ತಾಳೆ. ಹರಿದೋನು ಬರ್ತಾನೆ ಅಂತ ಹರಿದದ್ದನ್ನ ಹೊಲಿಯೋದು. ಇಲ್ಲಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ, ಈ ಹೊಲಿಗೆ ಮುಂದೆ ತುಂಬ ಸಲ ಬರುತ್ತೆ.

ಆ ಮನೆ ಅವಳ ಕೈಗೆ ಬಂದದ್ದು ಹೆಂಗೆ ಅನ್ನೋದು ಎಲ್ಲಕ್ಕಿಂತ ಮುಖ್ಯ. ಬಹಳ ಹಿಂದೆ ಮನೆ ನಡೆಸ್ತಿದ್ದ ಲಾ ಹಾಪೊನೇಸಾ ಅನ್ನೋಳು ದೋನ್ ಅಲೆಹೊ ಜೊತೆ ಪಂದ್ಯ ಕಟ್ಟಿರ್ತಾಳೆ, ಈ ಮಾನುಯೆಲಾ ಜೊತೆ ನಾನು ಗಂಡಹೆಂಡತಿ ಥರ ಮಲಗಿ ತೋರಿಸ್ತೀನಿ, ಗೆದ್ರೆ ಮನೆ ನನಗೆ ಬರೆದುಕೊಡ್ಬೇಕು ಅಂತ. ಸಾಹುಕಾರ ಕಿಟಕಿಯಿಂದ ನೋಡ್ತಾನೆ. ಗೆಲ್ತಾರೆ. ಮನೇನೂ ಬರುತ್ತೆ, ಮಗಳೂ ಹುಟ್ತಾಳೆ, ಆ ಮಗಳು ಹಾಪೊನೆಸಿತಾ ಮಾನುಯೆಲಾಳನ್ನ ಅಪ್ಪ ಅಂತ ಕರೀತಾಳೆ, ಹಂಗೆ ಕರೆದಾಗೆಲ್ಲ ಮಾನುಯೆಲಾಗೆ ಮೈ ಉರಿಯುತ್ತೆ. ಈಗ ಹೇಳಿ, ಇದರಲ್ಲಿ ವೇಷ ಯಾವ್ದು? ಕೆಂಪು ಉಡುಪಾ? ನನ್ನ ಪ್ರಕಾರ ಆ ಒಂದು ರಾತ್ರಿ ಗಂಡಾಗಿ ನಟಿಸಿದ್ದೇ ಅವಳ ಜೀವನದ ಒಂದೇ ವೇಷ, ಅದನ್ನ ಹಾಕಿಸಿದ್ದು ಸಾಹುಕಾರನ ಚಪಲ, ಕೂಲಿ ಅಂತ ಸಿಕ್ಕಿದ್ದು ತಲೆ ಮೇಲೊಂದು ಸೂರು.

ಕೊನೇಲಿ ಏನಾಗುತ್ತೆ ಅಂತ ಹೇಳಿದ್ರೆ ಮಜಾ ಹೋಗುತ್ತೆ ಅನ್ನೋರು ಈ ಪ್ಯಾರಾ ಬಿಟ್ಬಿಡಿ. ರಾತ್ರಿ ಅವಳು ಕುಣೀತಾಳೆ, ಪಾಂಚೊ ಕರಗ್ತಾನೆ, ಬೀದೀಲಿ ಒಂದು ಮುತ್ತು, ಅದನ್ನ ಪಾಂಚೊನ ಭಾವಮೈದ ಒಕ್ತಾವಿಯೊ ನೋಡ್ಬಿಡ್ತಾನೆ, ಅಷ್ಟೇ, ಪಾಂಚೊಗೆ ತಾನು ಗಂಡಸು ಅಂತ ಅಲ್ಲೇ ನಿರೂಪಿಸ್ಬೇಕಾಗುತ್ತೆ. ಇಬ್ಬರೂ ಸೇರಿ ಅವಳನ್ನ ಅಟ್ಟಿಸ್ಕೊಂಡು ಹೋಗಿ ಹೊಡೀತಾರೆ. ನಿಜವಾಗಿ ಸಿಕ್ಕಿಬಿದ್ದೋನು ಪಾಂಚೊ, ಒದೆ ಬಿದ್ದಿದ್ದು ಮಾನುಯೆಲಾಗೆ. ಇಡೀ ಊರನ್ನ ಕೆಡವಿ ದ್ರಾಕ್ಷಿ ನೆಡೋ ಯೋಚನೇಲಿರೋ ದೋನ್ ಅಲೆಹೊ ಮಾತ್ರ ಯಾವ ವೇಷನೂ ಹಾಕಲ್ಲ, ಅವನಿಗೆ ಬೇಕಾಗಿಲ್ಲ. 1978ರಲ್ಲಿ ಆರ್ತುರೊ ರಿಪ್‌ಸ್ಟೈನ್ ಇದನ್ನ ಮೆಕ್ಸಿಕೋಗೆ ತಂದು ಸಿನಿಮಾ ಮಾಡಿದ, ಚೆನ್ನಾಗಿದೆ, ಪುಸ್ತಕ ಆದ ಮೇಲೆ ನೋಡಿ.

ಕನ್ನಡದಲ್ಲಿ ಒಂದು ಕಸರತ್ತು

ಇದನ್ನ ಮಾಡಲೇಬೇಕು, ಬಿಡ್ಬೇಡಿ. ಮಾನುಯೆಲಾ ಇರೋ ಒಂದು ಪುಟ ತಗೊಂಡು ಕನ್ನಡಕ್ಕೆ ತನ್ನಿ. ಇಂಗ್ಲಿಷಲ್ಲಿ ಅಲ್ಲೊಂದು ಇಲ್ಲೊಂದು ಸರ್ವನಾಮ ಬಿಟ್ರೆ ಗಂಡುಹೆಣ್ಣಿನ ಗುರುತೇ ಇರಲ್ಲ. ನಮ್ಮಲ್ಲಿ ಕ್ರಿಯಾಪದನೇ ಹಿಡ್ಕೊಡುತ್ತೆ, ಎದ್ದಳು, ಹೊಲಿದಳು, ನಕ್ಕಳು, ಪ್ರತಿ ವಾಕ್ಯದ ಕೊನೇಲೂ ನೀವು ಒಂದು ಪಕ್ಷ ವಹಿಸ್ಲೇಬೇಕು. ದೊನೊಸೊ ಸ್ಪ್ಯಾನಿಶಲ್ಲಿ ಅವಳನ್ನ ಹೆಣ್ಣಾಗೇ ಬರೀತಾನೆ, ಆದ್ರೆ ಭಯ ಹೆಚ್ಚಾದ ಕಡೆ, ಬೇರೆಯವರ ಕಣ್ಣಿಂದ ನೋಡೋ ಕಡೆ ವ್ಯಾಕರಣ ಜಾರುತ್ತೆ, ಗಂಡುಲಿಂಗ ಇಣುಕುತ್ತೆ. ಆ ಜಾರೋ ಜಾಗಗಳಲ್ಲಿ ಪೆನ್ಸಿಲ್ ಗೆರೆ ಎಳೀರಿ, ವೇಷ ಕೀಳೋ ಕೈ ಅಲ್ಲೇ ಇರೋದು.

ಉಲ್ಟಾ ಕಷ್ಟನೂ ಇದೆ. "ನನಗೆ ಸುಸ್ತಾಗಿದೆ" ಅಂತ ನಾವಂದ್ರೆ ಮಾತಾಡ್ತಿರೋದು ಗಂಡೋ ಹೆಣ್ಣೋ ಗೊತ್ತಾಗಲ್ಲ, ಸ್ಪ್ಯಾನಿಶಲ್ಲಿ ಕಾನ್ಸಾದೊ ಅಂದ್ರೆ ಗಂಡು, ಕಾನ್ಸಾದಾ ಅಂದ್ರೆ ಹೆಣ್ಣು, ಒಂದು ಸ್ವರ ಬದಲಾಯಿಸಿ ಒಬ್ಬ ಪಾತ್ರ ತನ್ನನ್ನ ತಾನೇ ಘೋಷಿಸ್ಕೊಳ್ಳಬಹುದು. ಅದನ್ನ ಕನ್ನಡಕ್ಕೆ ಹೆಂಗೆ ತರೋದು? ನನಗೆ ಇವತ್ತಿಗೂ ಸರಿಯಾದ ಉಪಾಯ ಹೊಳೆದಿಲ್ಲ, "ನಾನು ಸುಸ್ತಾಗಿರೋಳು" ಅಂದ್ರೆ ತೀರ ನಾಟಕ ಆಗುತ್ತೆ.

ಇಲ್ಲೇ ಒಂದು ಎಚ್ಚರಿಕೆ. ಟ್ರಾನ್ಸ್ ಪಾತ್ರ ಬಂದ ಕೂಡ್ಲೇ "ಗಂಡಸು ಹೆಣ್ಣಿನ ವೇಷ ಹಾಕಿದ್ದಾನೆ" ಅಂತ ಬರ್ಕೊಂಡ್ರೆ ನೀವು ಒಕ್ತಾವಿಯೊ ಪಕ್ಕದಲ್ಲಿ ನಿಂತ ಹಾಗೆ. ಇದು ತಲೆಗೆ ಹತ್ತಬೇಕಂದ್ರೆ ಕಮಿಲಾ ಸೋಸಾ ವಿಯ್ಯಾದಾ 2019ರಲ್ಲಿ ಬರೆದ "ಲಾಸ್ ಮಾಲಾಸ್" ಓದಿ, ಅರ್ಜೆಂಟೀನಾದ ಕೋರ್ದೊಬಾ ಊರಿನ ಸಾರ್ಮಿಯೆಂತೊ ಪಾರ್ಕಲ್ಲಿ ರಾತ್ರಿ ದುಡಿಯೋ ಟ್ರಾವೆಸ್ತಿಗಳ ಕತೆ, ಲೇಖಕಿ ತಾನೇ ಆ ಗುಂಪಲ್ಲಿ ಇದ್ದೋಳು. ಟ್ರಾವೆಸ್ತಿ ಅನ್ನೋ ಪದ ಬೈಗುಳ ಆಗಿದ್ದನ್ನ ಅಲ್ಲಿನೋರು ತಮ್ಮ ಹೆಸರಾಗಿ ಎತ್ಕೊಂಡಿದ್ದಾರೆ, ಹಾಗಾಗಿ ಅನುವಾದ ಮಾಡೋಕೆ ಹೋಗದೆ ಹಂಗೇ ಇಟ್ಕೊಳ್ಳಿ. ಅಲ್ಲಿ ತಿಯಾ ಎನ್ಕಾರ್ನಾ, ಅಂದ್ರೆ ಎನ್ಕಾರ್ನಾ ಅತ್ತೆ, ಪಾರ್ಕಲ್ಲಿ ಸಿಕ್ಕ ಒಂದು ಕೂಸನ್ನ ಮನೆಗೆ ತಂದು ಸಾಕ್ತಾಳೆ. ಆ ಮಗುವಿನ ಸಲುವಾಗಿ ಅವಳು ಮುಂದೆ ಗಂಡಸಿನ ಬಟ್ಟೆ ಹಾಕ್ಬೇಕಾಗುತ್ತೆ. ಈಗ ಬರ್ಕೊಳ್ಳಿ ನೋಟ್‌ಬುಕ್ಕಲ್ಲಿ, ವೇಷ ಅಂದ್ರೆ ಅದು. ಲಂಗ ಅಲ್ಲ, ಪ್ಯಾಂಟು.

ದಿನಸಿ ಚೀಟಿ

ಮಾನುಯೆಲ್ ಪುಯಿಗ್‌ನ "ಜೇಡಹೆಣ್ಣಿನ ಮುತ್ತು" 1976ರಲ್ಲಿ ಬಾರ್ಸಿಲೋನಾದಲ್ಲಿ ಅಚ್ಚಾಯ್ತು, ಅರ್ಜೆಂಟೀನಾದ ಸರ್ವಾಧಿಕಾರದಲ್ಲಿ ಅದಕ್ಕೆ ನಿಷೇಧ. ಒಂದು ಜೈಲಿನ ಕೋಣೆ, ಇಬ್ಬರು, ಅಂಗಡಿ ಕಿಟಕಿ ಅಲಂಕಾರ ಮಾಡ್ತಿದ್ದ ಮೊಲಿನಾ, ಕ್ರಾಂತಿ ಅಂತ ಓಡಾಡ್ತಿದ್ದ ವಾಲೆಂತಿನ್. ಹೊತ್ತು ಕಳೆಯೋಕೆ ಮೊಲಿನಾ ಹಳೇ ಸಿನಿಮಾ ಕತೆಗಳನ್ನ ಹೇಳ್ತಾನೆ. (ಅವನು ಅಂತೀನಾ ಅವಳು ಅಂತೀನಾ, ಮೊಲಿನಾ ತನ್ನನ್ನ ಹೆಣ್ಣು ಅಂತಲೇ ಅನ್ಕೊಳ್ಳೋದು, ಕನ್ನಡದಲ್ಲಿ ಬರೆಯೋವಾಗ ಪ್ರತಿಸಲ ಕೈ ತಡೆಯುತ್ತೆ, ಮುಂದೆ ಆದಷ್ಟು ಹೆಸರೇ ಹಾಕ್ತೀನಿ.)

ಓದೋ ವಿಧಾನ ಹೇಳ್ತೀನಿ. ಇಲ್ಲಿ ಕತೆ ಹೇಳೋ ದನಿ ಇಲ್ಲ, ಬರೀ ಮಾತು, ಯಾರು ಅಂದದ್ದು ಅಂತಲೂ ಬರೆದಿರಲ್ಲ. ಮೊದಲ ಇಪ್ಪತ್ತು ಪುಟ ಮಾರ್ಜಿನಲ್ಲಿ ಮೊ, ವಾ ಅಂತ ಹಾಕ್ಕೊಂಡು ಹೋಗಿ, ಆಮೇಲೆ ಕಿವಿಗೇ ಗೊತ್ತಾಗುತ್ತೆ. ಪುಟದ ಕೆಳಗೆ ಸಲಿಂಗ ಪ್ರೇಮದ ಬಗ್ಗೆ ಮನಶ್ಶಾಸ್ತ್ರದ ಉದ್ದುದ್ದ ಅಡಿಟಿಪ್ಪಣಿ ಬರುತ್ತೆ, ಮೊದಲ ಓದಿಗೆ ಹಾರಿಸಿ, ಎರಡನೇ ಸಲ ಅದನ್ನೇ ಓದಿ, ಯಾಕಂದ್ರೆ ಶಾಸ್ತ್ರ ಕೂಡ ಒಂದು ಯೂನಿಫಾರಂ ಹಾಕ್ಕೊಂಡು ಮಾತಾಡುತ್ತೆ ಅಂತ ಆವಾಗ ಅನ್ಸುತ್ತೆ.

ಪುಸ್ತಕದ ನಡುಮಧ್ಯೆ ಜೈಲಿನ ಅಧಿಕಾರಿ ಮೊಲಿನಾನ ಕರೆಸ್ತಾನೆ, ಆಗ ತಿಳಿಯುತ್ತೆ ಮೊಲಿನಾನ ಆ ಕೋಣೇಲಿ ಇಟ್ಟಿರೋದೇ ವಾಲೆಂತಿನ್ ಬಾಯಿ ಬಿಡಿಸೋಕೆ ಅಂತ. ಆಫೀಸಿಂದ ಬರಿಗೈಲಿ ವಾಪಸ್ ಬಂದ್ರೆ ವಾಲೆಂತಿನ್‌ಗೆ ಅನುಮಾನ ಬರುತ್ತೆ, ಹಾಗಾಗಿ ಅಮ್ಮ ನೋಡೋಕೆ ಬಂದು ತಿಂಡಿ ಕೊಟ್ಟುಹೋದ್ಲು ಅಂತ ತೋರಿಸ್ಬೇಕು, ಅದಕ್ಕೆ ಮೊಲಿನಾ ಅಧಿಕಾರಿಗೆ ಕೂತು ಚೀಟಿ ಬರೆಸುತ್ತೆ, ಹುರಿದ ಕೋಳಿ, ಡಬ್ಬದ ಪೀಚ್ ಹಣ್ಣು, ಕಂಡೆನ್ಸ್ಡ್ ಹಾಲು, ಚಹಾ. ನಾನಂದ ದಿನಸಿ ಚೀಟಿ ಇದೇ. ಇಡೀ ಸರ್ಕಾರದ ಗೂಢಚಾರಿಕೆ ಒಂದು ತಾಯಿಯ ಬುತ್ತಿಗಂಟಿನ ವೇಷ ಹಾಕ್ಕೊಂಡು ಕೋಣೆಯೊಳಗೆ ಬರುತ್ತೆ. ಆದ್ರೆ ನೋಡಿ, ಅದೇ ಕೋಳೀನ ಮೊಲಿನಾ ವಾಲೆಂತಿನ್‌ಗೆ ಬಡಿಸುತ್ತೆ, ಜೈಲಿನ ವಿಷ ಹಾಕಿದ ಊಟದಿಂದ ಮಲಗಿದೋನು ಅದನ್ನ ತಿಂದೇ ಚೇತರಿಸ್ಕೊಳ್ಳೋದು, ಅಂದ್ರೆ ವೇಷದ ಊಟ ನಿಜವಾಗ್ಲೂ ಹೊಟ್ಟೆ ತುಂಬಿಸುತ್ತೆ. ಯಾವ ಗಳಿಗೇಲಿ ಚಾಡಿಕೋರನ ನಟನೆ ಮುಗಿದು ಪ್ರೀತಿ ಶುರುವಾಯ್ತು ಅಂತ ಪುಟಸಂಖ್ಯೆ ಹಾಕಿ ಗುರುತು ಮಾಡೋಕೆ ಪ್ರಯತ್ನಪಡಿ. ನಾನು ಎರಡು ಸಲ ಓದಿ ಎರಡು ಬೇರೆ ಪುಟ ಗುರುತು ಮಾಡಿದೀನಿ.

ಕೊನೇದಕ್ಕಿಂತ ಹಿಂದಿನ ಅಧ್ಯಾಯ ಪೊಲೀಸ್ ವರದಿ ರೂಪದಲ್ಲಿದೆ, ಬಿಡುಗಡೆ ಆದ ಮೊಲಿನಾ ಎಷ್ಟೊತ್ತಿಗೆ ಎಲ್ಲಿ ಹೋದ, ಯಾರಿಗೆ ಫೋನ್ ಮಾಡಿದ ಅಂತ. ಇಷ್ಟು ಹೊತ್ತು ನಾವು ಕೇಳಿದ ಆ ಮಾತುಗಾರ ಮನುಷ್ಯ ಆ ಭಾಷೇಲಿ ಬರೀ ಒಬ್ಬ ಆಪಾದಿತ. ಜೋರಾಗಿ ಓದಿ ನೋಡಿ, ನಮ್ಮ ಎಫ್‌ಐಆರ್ ಕನ್ನಡದ ಹಾಗೇ ಕೇಳ್ಸುತ್ತೆ.

ವಸ್ತುಗಳ ವೇಷ

ಪೆದ್ರೊ ಲೆಮೆಬೆಲ್‌ನ ಒಂದೇ ಕಾದಂಬರಿ "ತೆಂಗೊ ಮಿಯೆದೊ ತೊರೆರೊ", 2001. ಕಾಲ 1986, ಊರು ಚಿಲಿಯ ಸಾಂತಿಯಾಗೊ, ಸರ್ವಾಧಿಕಾರಿ ಪಿನೊಚೆ ಆಳ್ವಿಕೆ. ಮುಖ್ಯ ಪಾತ್ರಕ್ಕೆ ಹೆಸರೇ ಇಲ್ಲ, ಎಲ್ಲರೂ ಕರೆಯೋದು ಲಾ ಲೋಕಾ ದೆಲ್ ಫ್ರೆಂತೆ ಅಂತ, ಎದುರುಮನೆ ಲೋಕಾ. ಲೋಕಾ ಅಂದ್ರೆ ಹುಚ್ಚಿ, ಹೆಣ್ಣಿಗ ಅಂತ ಬೈಯೋಕೂ ಅದೇ ಪದ. ಫ್ರೆಂತೆ ಅನ್ನೋದು ಸಶಸ್ತ್ರ ಹೋರಾಟ ಮಾಡ್ತಿದ್ದ ಮಾನುಯೆಲ್ ರೊದ್ರಿಗೆಸ್ ಫ್ರೆಂತೆಯ ಹೆಸರಲ್ಲೂ ಇದೆ, ಹಂಗಾಗಿ ಅಡ್ಡಹೆಸರಲ್ಲೇ ಒಂದು ಕಣ್ಣುಮುಚ್ಚಾಲೆ ಇದೆ ಅಂತ ಗಮನಿಸಿ.

ಇಲ್ಲಿ ನೋಟ್‌ಬುಕ್ಕಲ್ಲಿ ಮನುಷ್ಯರ ಬದಲು ವಸ್ತುಗಳನ್ನ ಬರೀರಿ. ಕಾರ್ಲೋಸ್ ಅನ್ನೋ ಸುಂದರ ಹುಡುಗ ಪುಸ್ತಕ ಇದಾವೆ ಅಂತ ಪೆಟ್ಟಿಗೆಗಳನ್ನ ಅವಳ ಮನೇಲಿ ತಂದಿಡ್ತಾನೆ, ಒಳಗಿರೋದು ಆಯುಧ. ಅವಳು ಆ ಪೆಟ್ಟಿಗೆಗಳ ಮೇಲೆ ದಿಂಬು ಇಟ್ಟು ಬಟ್ಟೆ ಹೊದಿಸಿ ಸೋಫಾ, ಮೇಜು ಮಾಡ್ಕೊಂಡು ಮನೆ ಚೆಂದ ಮಾಡ್ತಾಳೆ. ಇಬ್ಬರೂ ಕಾಹೊನ್ ದೆಲ್ ಮೈಪೊ ಅನ್ನೋ ಕಣಿವೆಗೆ ಪಿಕ್ನಿಕ್ ಹೋಗ್ತಾರೆ, ಅವಳು ಮೇಜುಬಟ್ಟೆ ಹಾಸಿ ಕುಣೀತಾಳೆ, ಅವನು ಅದೇ ಹೊತ್ತಲ್ಲಿ ರಸ್ತೆ ಅಳತೆ ಗುರುತು ಹಾಕ್ಕೊಳ್ತಾನೆ. ಅಲ್ಲೇ 1986ರ ಸೆಪ್ಟೆಂಬರ್ 7ಕ್ಕೆ ಪಿನೊಚೆ ಕಾರುಗಳ ಮೇಲೆ ದಾಳಿ ನಡೆದಿದ್ದು, ಅದು ಚರಿತ್ರೆ, ಅವನು ಉಳ್ಕೊಂಡ, ಅಂಗರಕ್ಷಕರಲ್ಲಿ ಐದು ಜನ ಸತ್ರು. ಅವಳಿಗೆ ಇದೆಲ್ಲ ಗೊತ್ತಿಲ್ವಾ? ಗೊತ್ತು, ಗೊತ್ತಿಲ್ಲದ ಹಾಗೆ ಇರೋದೇ ಅವಳು ಹಾಕಿರೋ ವೇಷ. ಬರ್ನಾರ್ದೊ ನೆನಪಾದ್ನಾ?

ಅವಳು ಹೊಟ್ಟೆಪಾಡಿಗೆ ಮಾಡೋದು ಕಸೂತಿ, ಗಿರಾಕಿಗಳು ಮಿಲಿಟರಿ ಅಧಿಕಾರಿಗಳ ಹೆಂಡ್ತೀರು. ಒಂದು ಮೇಜುಬಟ್ಟೆ ಕೊಡೋಕೆ ಹೋದಾಗ ಆ ಊಟದ ಮೇಜು ನೋಡ್ತಾ ನೋಡ್ತಾ ಅದರ ಮೇಲೆ ರಕ್ತ ಕಂಡ ಹಾಗಾಗಿ ಬಟ್ಟೆ ವಾಪಸ್ ಎತ್ಕೊಂಡು ಬಂದ್ಬಿಡ್ತಾಳೆ. ಮಾನುಯೆಲಾ ಹೊಲಿದದ್ದು ತನಗೋಸ್ಕರ, ಇವಳು ಹೊಲಿದದ್ದನ್ನ ಕೊಡದೆ ಬಂದಿದ್ದು. ಈ ಎರಡು ಸೂಜಿ ದಾರ ಪಕ್ಕಪಕ್ಕ ಇಟ್ಟು ನೋಡಿದ್ರೆ 1966ರಿಂದ 2001ರೊಳಗೆ ಏನು ಬದಲಾಯ್ತು ಅಂತ ಬೇರೆ ಯಾವ ವಿಮರ್ಶೆನೂ ಬೇಡ.

ವೇಷ ಯಾರ ಕೆಲಸಕ್ಕೆ ಬಂತು

ಇಷ್ಟೆಲ್ಲ ಆದ ಮೇಲೆ ಹಿಂದಕ್ಕೆ ಹೋಗಿ ಅಲೆಹೊ ಕಾರ್ಪೆಂತಿಯೆರ್ 1949ರಲ್ಲಿ ಬರೆದ "ಎಲ್ ರೇನೊ ದೆ ಎಸ್ತೆ ಮುಂದೊ" ಓದಿ. ಕ್ಯೂಬಾದ ಲೇಖಕ, ಕತೆ ಹೈಟಿಯದು. ಕಬ್ಬಿನ ಗಾಣಕ್ಕೆ ಸಿಕ್ಕಿ ಕೈ ಕಳ್ಕೊಂಡ ಗುಲಾಮ ಮಕಂದಾಲ್ ಕಾಡು ಸೇರಿ ಬಿಳಿಯರ ಮನೆಗಳಿಗೆ ವಿಷ ಹಬ್ಬಿಸ್ತಾನೆ. ಅವನು ಉಡ, ಪತಂಗ, ನಾಯಿ, ಹಕ್ಕಿ ಆಗಿ ಬಂದು ನಮ್ಮನ್ನ ನೋಡ್ಕೊಂಡು ಹೋಗ್ತಾನೆ ಅಂತ ಗುಲಾಮರ ನಂಬಿಕೆ. 1758ರಲ್ಲಿ ಅವನನ್ನ ಸುಡ್ತಾರೆ. ಬಿಳಿಯರು ನೋಡಿದ್ದು ಬೂದಿ, ಗುಲಾಮರು ನೋಡಿದ್ದು ಕಟ್ಟು ಬಿಚ್ಚಿ ಹಾರಿಹೋದ ಮಕಂದಾಲ್, ನಗ್ತಾ ನಗ್ತಾ ತೋಟಕ್ಕೆ ವಾಪಸ್ ಹೋಗ್ತಾರೆ. ಈ ಪ್ರಸಂಗನ ಮ್ಯಾಜಿಕಲ್ ರಿಯಲಿಸಂ (ಪವಾಡನ ದಿನನಿತ್ಯದ ಸಂಗತಿ ಥರ ಹೇಳೋ ಶೈಲಿ) ಅಂತ ಒಂದು ಲೇಬಲ್ ಅಂಟಿಸಿ ಮುಂದೆ ಹೋಗ್ಬೇಡಿ, ಒಂದೇ ವೇಷ ಇಬ್ಬರಿಗೆ ಎರಡು ಥರ ಕಾಣ್ತಿದೆ ಅಂತ ಬರ್ಕೊಳ್ಳಿ.

ಪುಸ್ತಕದ ಕೊನೆಗೆ ಹಿಂದೆ ಮಕಂದಾಲ್ ಜೊತೆ ಗುಲಾಮನಾಗಿದ್ದ ಮುದುಕ ತಿ ನೊಯೆಲ್ ಕೂಡ ರೂಪ ಬದಲಾಯಿಸೋಕೆ ಶುರು ಮಾಡ್ತಾನೆ. ಯಾಕೆ? ಬಿಳಿಯ ದಣಿಗಳು ಹೋಗಿ ಕರಿಯ ರಾಜ ಬಂದ, ಅವನು ಹೋಗಿ ಇನ್ಯಾರೋ ಬಂದ್ರು, ಚಾಟಿ ಮಾತ್ರ ಹಂಗೇ ಇದೆ, ಸಾಕಾಗಿದೆ ಅವನಿಗೆ. ಹಕ್ಕಿ ಆಗ್ತಾನೆ, ಕುದುರೆ ಆಗ್ತಾನೆ, ಇರುವೆ ಆದ್ರೆ ಅಲ್ಲೂ ಹೊರೆ ಹೊರಬೇಕು, ಹೆಬ್ಬಾತು ಆಗಿ ಹೋದ್ರೆ ಹೆಬ್ಬಾತುಗಳೇ ಸೇರಿಸ್ಕೊಳ್ಳಲ್ಲ, ನೀನು ಯಾವ ಕುಲದೋನು ಅಂತ. ಆಗ ಅವನಿಗೆ ಅರ್ಥ ಆಗುತ್ತೆ, ಮಕಂದಾಲ್ ಪ್ರಾಣಿವೇಷ ಹಾಕಿದ್ದು ಮನುಷ್ಯರ ಕೆಲಸಕ್ಕೆ, ನಾನು ಹಾಕಿದ್ದು ಮನುಷ್ಯರಿಂದ ತಪ್ಪಿಸ್ಕೊಳ್ಳೋಕೆ ಅಂತ. ನೋಟ್‌ಬುಕ್ಕಿಗೆ ಐದನೇ ಪ್ರಶ್ನೆ ಇಲ್ಲಿ ಸಿಗುತ್ತೆ, ವೇಷ ಯಾರ ಕೆಲಸಕ್ಕೆ ಬಂತು ಅಂತ, ಹಿಂದಿನ ಪುಟಗಳಿಗೆಲ್ಲ ವಾಪಸ್ ಹೋಗಿ ಅದಕ್ಕೂ ಉತ್ತರ ತುಂಬಿಸಿ, ಎಮ್ಮಾ ವಿಷಯದಲ್ಲಿ ಒದ್ದಾಡ್ತೀರ ನೋಡಿ.

ಬೀದಿಗೆ ಬಂದ ಮುಖವಾಡ

ಮೆಕ್ಸಿಕೋ ಕಡೆ ಪುಸ್ತಕ ಓದೋರು ಇದನ್ನ ತಿಳ್ಕೊಂಡಿರಿ. 1985ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ಮೆಕ್ಸಿಕೋ ಸಿಟೀಲಿ ಮನೆ ಕಳ್ಕೊಂಡ ಬಾಡಿಗೆದಾರರ ಚಳವಳಿಯಿಂದ ಸೂಪರ್‌ಬಾರಿಯೊ ಅನ್ನೋ ಮನುಷ್ಯ ಹುಟ್ಟಿದ, ಕುಸ್ತಿ ಪೈಲ್ವಾನರ ಥರ ಕೆಂಪು ಹಳದಿ ಬಟ್ಟೆ, ಮುಖಕ್ಕೆ ಮಾಸ್ಕ್, ಮನೆ ಖಾಲಿ ಮಾಡಿಸೋಕೆ ಬಂದೋರ ಎದುರಿಗೆ ನಿಲ್ಲೋನು, ಅಧಿಕಾರಿಗಳ ಜೊತೆ ಮಾಸ್ಕ್ ಹಾಕ್ಕೊಂಡೇ ಮಾತುಕತೆಗೆ ಕೂರೋನು. ಅಲ್ಲಿ ಮುಖವಾಡ ಅಂದ್ರೆ ಕಳ್ಳ ಅಂತ ಅಲ್ಲ, ಎಲ್ ಸಾಂತೊ ಅನ್ನೋ ಪೈಲ್ವಾನನ್ನ 1984ರಲ್ಲಿ ಬೆಳ್ಳಿ ಮುಖವಾಡದ ಸಮೇತ ಹೂಳಿದ ದೇಶ ಅದು. 1994ರ ಜನವರಿ 1ರಂದು ಮೆಕ್ಸಿಕೋದ ಚಿಯಾಪಾಸಲ್ಲಿ ಸಪಾತಿಸ್ತಾ ಅನ್ನೋ ಮೂಲನಿವಾಸಿ ದಂಗೆಕೋರರು ಎದ್ದಾಗಲೂ ಮುಖ ಮುಚ್ಚೋ ಉಣ್ಣೆ ಟೊಪ್ಪಿಗೆನೇ ಗುರುತಾಯ್ತು. ಅವರ ವಕ್ತಾರ ಸುಬ್‌ಕಮಾಂದಾಂತೆ ಮಾರ್ಕೋಸ್ ಪತ್ತೇದಾರಿ ಕಾದಂಬರಿಕಾರ ಪಾಕೊ ಇಗ್ನಾಸಿಯೊ ತೈಬೊ ಜೊತೆ ಸೇರಿ ಒಂದು ಧಾರಾವಾಹಿ ಕಾದಂಬರೀನೂ ಬರೆದ, "ಮುಯೆರ್ತೊಸ್ ಇನ್‌ಕೊಮೊದೊಸ್", ಲಾ ಹೊರ್ನಾದಾ ಪತ್ರಿಕೇಲಿ ಬಂತು. ಕಾದಂಬರಿ ಅಂತ ನೋಡಿದ್ರೆ ಅಷ್ಟಕ್ಕಷ್ಟೇ, ಎರಡು ಎತ್ತು ಎರಡು ಕಡೆ ಎಳೆದ ಹಾಗಿದೆ. ಆದ್ರೆ 2014ರ ಮೇ ತಿಂಗಳಲ್ಲಿ ಅದೇ ಮಾರ್ಕೋಸ್ ಎದ್ದು ನಿಂತು, ಮಾರ್ಕೋಸ್ ಅನ್ನೋನು ನಾವು ಕಟ್ಟಿದ ಒಂದು ವೇಷ, ಇನ್ನು ಅವನಿಲ್ಲ ಅಂತ ಘೋಷಿಸಿದ್ದು ಮಾತ್ರ ಯಾವ ಕಾದಂಬರಿಗೂ ಕಮ್ಮಿ ಇಲ್ಲ.

ಕೊನೆಗೆ ಒಂದು, ಖುಷಿಗೆ

ಇಷ್ಟು ಒದೆ ನೋಡಿ ಮನಸ್ಸು ಭಾರ ಆಗಿರುತ್ತೆ, ಹಾಗಾಗಿ ಗಾಬ್ರಿಯೆಲಾ ಕಾಬೆಸೊನ್ ಕಾಮರಾಳ 2017ರ "ಚೀನಾ ಐರನ್" ಕಾದಂಬರೀನ ಕೊನೆಗಿಟ್ಕೊಳ್ಳಿ. ಅರ್ಜೆಂಟೀನಾದೋರಿಗೆ ಮಾರ್ತಿನ್ ಫಿಯೆರ್ರೊ ಅಂದ್ರೆ ರಾಷ್ಟ್ರಕಾವ್ಯ, ಹೊಸೆ ಎರ್ನಾಂದೆಸ್ 1872ರಲ್ಲಿ ಬರೆದದ್ದು, ಅದರಲ್ಲಿ ನಾಯಕನ ಹೆಂಡ್ತಿಗೆ ಹೆಸರೂ ಇಲ್ಲ, ಚೀನಾ ಅನ್ನೋದು ಗೌಚೊಗಳ, ಅಂದ್ರೆ ಕುದುರೆ ಮೇಲೆ ದನ ಕಾಯೋರ, ಹೆಂಗಸರನ್ನೆಲ್ಲ ಕರೆಯೋ ಪದ. ಈ ಕಾದಂಬರಿ ಅವಳದು. ಗಂಡನ್ನ ಸೈನ್ಯಕ್ಕೆ ಎಳ್ಕೊಂಡು ಹೋದ ಮೇಲೆ ಅವಳು ಲಿಜ್ ಅನ್ನೋ ಸ್ಕಾಟ್ಲೆಂಡಿನ ಹೆಂಗಸಿನ ಗಾಡಿ ಹತ್ತಿ, ಜಡೆ ಕತ್ತರಿಸಿ, ಗಂಡುಹುಡುಗನ ಬಟ್ಟೆ ಹಾಕ್ಕೊಂಡು ಹುಲ್ಲುಗಾವಲಲ್ಲಿ ಹೊರಡ್ತಾಳೆ, ಜೊತೇಲಿ ಒಂದು ನಾಯಿಮರಿ. ದಾರೀಲಿ ಎರ್ನಾಂದೆಸ್ ತಾನೇ ಒಬ್ಬ ಜಮೀನ್ದಾರನಾಗಿ ಸಿಗ್ತಾನೆ, ಹಾಡನ್ನ ಕದ್ದೋನು ಅಂತ ಗೊತ್ತಾಗುತ್ತೆ, ನಗು ತಡೆಯಕ್ಕಾಗಲ್ಲ.

ಓದ್ತಾ ಓದ್ತಾ ಐದೂ ಪ್ರಶ್ನೆ ಕೇಳಿ. ಬಟ್ಟೆ ಲಿಜ್ ಗಾಡೀಲಿದ್ದದ್ದು, ಗುಟ್ಟು ಅವಳಿಗೆ ಗೊತ್ತು, ಮೊದಮೊದಲು ದಾರಿ ಸುರಕ್ಷಿತ ಆಗಿರ್ಲಿ ಅಂತ ಹಾಕಿದ್ದು. ಆದ್ರೆ ಕಳಚಿದಾಗ ಏನಾಯ್ತು ಅನ್ನೋ ಕಡೆ ನನ್ನ ನೋಟ್‌ಬುಕ್ಕಲ್ಲಿ ಜಾಗ ಖಾಲಿ ಬಿಟ್ಟಿದೀನಿ, ಯಾಕಂದ್ರೆ ಮೂರನೇ ಭಾಗದಲ್ಲಿ ಅವರು ಮೂಲನಿವಾಸಿಗಳ ನಾಡಿಗೆ ಹೋಗಿ ಸೇರೋ ಹೊತ್ತಿಗೆ ಅವಳು ಬೇಕಾದ ದಿನ ಗಂಡಿನ ಬಟ್ಟೆ ಬೇಕಾದ ದಿನ ಹೆಣ್ಣಿನ ಬಟ್ಟೆ ಹಾಕ್ಕೊಂಡು ಓಡಾಡ್ತಿರ್ತಾಳೆ, ಅಲ್ಲಿ ಯಾರೂ ಕೇಳೋದೂ ಇಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾತ್ರ ಹಾಕ್ತಾರೆ.